ಮಂದೆಯ ನಡುವೆ ನೆಲೆಸಿದ ಕುರಿಗಾಹಿ: ಸಂತ ಚಾರ್ಲ್ಸ್ ಬೊರೊಮಿಯೊ

1560ರಲ್ಲಿ ನಾಲ್ಕನೆಯ ಪಯಸ್ ಜಗದ್ಗುರುಗಳು ತಮ್ಮ ಸೋದರಿಯ ಮಗ ಚಾರ್ಲ್ಸರನ್ನು ಕಾರ್ಡಿನಲ್ ಪದವಿಗೇರಿಸಿದಾಗ ಅವರಿಗೆ 21 ವರ್ಷ, ಗುರುದೀಕ್ಷೆಯೂ ಆಗಿರಲಿಲ್ಲ. ಮಿಲಾನ್ ಮಹಾಧರ್ಮಪ್ರಾಂತ್ಯದ ಆಡಳಿತ ಕೈಸೇರಿತಾದರೂ ವಾಸ ರೋಮಿನಲ್ಲೇ. ಪ್ರೊಟೆಸ್ಟೆಂಟ್ ಸುಧಾರಕರು ಖಂಡಿಸಿದ ಸ್ವಜನಪಕ್ಷಪಾತಕ್ಕೆ ಅವರೇ ನಿದರ್ಶನವಾಗಿದ್ದರು.

1562ರಲ್ಲಿ ಅಣ್ಣ ಫೆಡೆರಿಕೊ ತೀರಿಕೊಂಡರು. ವಂಶ ಉಳಿಸಲು ವಿವಾಹವಾಗೆಂದು ಬಂಧುಗಳು ಒತ್ತಾಯಿಸಿದರು. ಚಾರ್ಲ್ಸರು ಮರುವರ್ಷ ಗುರುದೀಕ್ಷೆ ಪಡೆದರು. ಅದೇ 1563ರಲ್ಲಿ ಟ್ರೆಂಟ್ ಮಹಾಸಭೆಯ 23ನೆಯ ಅಧಿವೇಶನವು, ಧರ್ಮಾಧ್ಯಕ್ಷರು ತಮ್ಮ ಪ್ರಾಂತ್ಯದಲ್ಲೇ ನೆಲೆಸಬೇಕೆಂದೂ ಗುರುಮಠಗಳನ್ನು ಸ್ಥಾಪಿಸಬೇಕೆಂದೂ ವಿಧಿಸಿತು. ರೋಮಿನಿಂದ ಪತ್ರಮುಖೇನ ಆ ಮಹಾಸಭೆಯನ್ನು ನಿರ್ವಹಿಸಿದ್ದ ಚಾರ್ಲ್ಸರು ಅದರ ವಿಧಿಗೆ ಮೊದಲು ತಮ್ಮನ್ನೇ ಒಳಪಡಿಸಿಕೊಂಡರು. 1564ರಲ್ಲಿ ಮಿಲಾನಿನಲ್ಲಿ ಗುರುಮಠ ಆರಂಭವಾಯಿತು. 1565ರಲ್ಲಿ, ಸುಮಾರು 80 ವರ್ಷಗಳಿಂದ ಮಹಾಧರ್ಮಾಧ್ಯಕ್ಷರು ನೆಲೆಸಿರದ ಆ ನಗರವನ್ನು ಅವರು ಪ್ರವೇಶಿಸಿದರು.

ವಿರೋಧ ಒಳಗಿನಿಂದಲೇ ಬಂದಿತು. 1569ರಲ್ಲಿ ಶಿಸ್ತನ್ನು ಸಹಿಸದ ಹುಮಿಲಿಯಾತಿ ಸಭೆಯವನೊಬ್ಬ, ಪ್ರಾರ್ಥನೆಯಲ್ಲಿದ್ದ ಅವರ ಮೇಲೆ ಗುಂಡು ಹಾರಿಸಿದ. 1576ರ ಪ್ಲೇಗಿನಲ್ಲಿ ಶ್ರೀಮಂತರು ಊರು ತೊರೆದರು, ಚಾರ್ಲ್ಸರು ಉಳಿದರು. ನಿವಾಸದ ಪರದೆಗಳು ಬಡವರಿಗೆ ಬಟ್ಟೆಯಾದವು. ಮನೆಯಲ್ಲೇ ನಿರ್ಬಂಧಿತರಾದವರು ಕಿಟಕಿಯಿಂದ ಪಾಲ್ಗೊಳ್ಳಲೆಂದು ಬೀದಿಗಳಲ್ಲಿ ಬಲಿಪೂಜೆ ನಡೆಯಿತು.

ಅವರ ಕಾಠಿಣ್ಯವನ್ನೂ ಮರೆಮಾಚಬಾರದು. 1583ರಲ್ಲಿ ಅವರು ಸಂದರ್ಶಿಸಿದ ಮೆಸೊಲ್ಚಿನಾ ಕಣಿವೆಯಲ್ಲಿ ಮಾಟಗಾತಿಯರೆಂದು ಆರೋಪಿತರಾದ ಸ್ತ್ರೀಯರನ್ನು ಸುಡಲಾಯಿತು. ಸಂತರೂ ತಮ್ಮ ಕಾಲದ ಕುರುಡಿಗೆ ಹೊರತಲ್ಲ.

1584ರಲ್ಲಿ, 46ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. 1610ರಲ್ಲಿ ಸಂತಪದವಿ ಪಡೆದರು. ಗುರುಮಠದಲ್ಲಿ ಕಲಿಯುವ, ಕಲಿಸುವ ನಾವೆಲ್ಲ ಆ 23ನೆಯ ಅಧಿವೇಶನದ ಋಣಿಗಳು. ಗುರುಮಠಗಳು ಹಲವಾಗಿವೆ. ನಮಗೊಪ್ಪಿಸಿದ ಜನರ ನಡುವೆ, ಸಂಕಟದ ದಿನದಲ್ಲೂ, ನಾವು ನೆಲೆಸಿರುತ್ತೇವೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಬಾಳಿನಿಂದ ಉತ್ತರಿಸಬೇಕಾಗಿದೆ.