ರಕ್ತ ನುಡಿಯುವ ಸಾಕ್ಷ್ಯ

ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಆನೇಕಲ್, ವೈಟ್‌ಫೀಲ್ಡ್ ದಾಟಿದರೆ ಹೊಸಕೋಟೆ. 2008ರ ಮೇ ತಿಂಗಳಲ್ಲಿ ಈ ಊರುಗಳಲ್ಲಿ, ಬೆಂಗಳೂರು ಮತ್ತು ಕೋಲಾರದಲ್ಲಿ, ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ದಿನಗೂಲಿಯವರು. ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಬೆಂಗಳೂರಿಗೆ ಇದು ಹೊಸತೂ ಅಲ್ಲ. 1981ರ ಜುಲೈನಲ್ಲಿ ಇಂಥದೇ ಮದ್ಯ 300ಕ್ಕೂ ಹೆಚ್ಚು ಜೀವಗಳನ್ನು ತೆಗೆದಿತ್ತು.

ಕೊಂದದ್ದು ಮಿಥೈಲ್ ಆಲ್ಕೋಹಾಲ್. ಬಣ್ಣ, ವಾರ್ನಿಷ್‌ಗಳಿಗೆ ಬಳಸುವ ಕಾರ್ಖಾನೆಯ ಸರಕು. ಕುಡಿದ ಕೂಡಲೇ ಅದು ಕೊಲ್ಲುವುದಿಲ್ಲ. ಯಕೃತ್ತಿನಲ್ಲಿ ನಿಧಾನವಾಗಿ ಫಾರ್ಮಿಕ್ ಆಮ್ಲವಾಗುತ್ತದೆ. ಕುಡಿದವನು ಮನೆಗೆ ಹೋಗಿ ಮಲಗುತ್ತಾನೆ. ಮರುದಿನ ಕಣ್ಣೆದುರು ಮಂಜು ಕವಿಯುತ್ತದೆ, ಉಸಿರು ಏರುತ್ತದೆ.

ಯಾರು ಬದುಕಿಯಾರು? ನಾರ್ವೆಯ ವೈದ್ಯ ಓಲುಫ್ ರೋ 1946ರಲ್ಲಿಯೇ ರಕ್ತದ ಆಮ್ಲೀಯತೆಯತ್ತ ಬೆರಳು ತೋರಿದ್ದರು. 1951ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ 323 ಜನ ಇದೇ ವಿಷಕ್ಕೆ ಸಿಕ್ಕಿ, 41 ಮಂದಿ ಸತ್ತರು. ಆಮ್ಲ ಹೆಚ್ಚಿದ್ದವರಲ್ಲಿಯೇ ಸಾವು ಹೆಚ್ಚು ಎಂದು ಅಲ್ಲಿನ ವೈದ್ಯರು ದಾಖಲಿಸಿದರು. ಮರುವರ್ಷ ಕೋಪನ್‌ಹೇಗನ್ ಪೋಲಿಯೊ ಪಿಡುಗಿನ ವೇಳೆ ಪೌಲ್ ಆಸ್ಟ್ರಪ್ ರಕ್ತದ ಆಮ್ಲ-ಕ್ಷಾರ ಅಳೆಯುವ ವಿಧಾನವನ್ನು ರೋಗಿಯ ಹಾಸಿಗೆಯ ಬಳಿಗೆ ತಂದರು.

ಆರೋಗ್ಯವಂತನ ರಕ್ತದ ಪಿಎಚ್ 7.35ರಿಂದ 7.45. ಅದು 7ಕ್ಕಿಂತ ಕೆಳಗಿಳಿದು, ಪ್ರಜ್ಞೆಯೂ ತಪ್ಪಿದ್ದರೆ ಆಸೆ ಕಡಿಮೆ. ರಕ್ತದಲ್ಲಿರುವ ಮಿಥೈಲ್ ಆಲ್ಕೋಹಾಲ್‌ನ ಪ್ರಮಾಣಕ್ಕಿಂತ ಈ ಅಂಕಿಯೇ ಹೆಚ್ಚು ಹೇಳುತ್ತದೆ. ತಡವಾಗಿ ಬಂದವನಲ್ಲಿ ಮದ್ಯ ಕರಗಿ ಆಮ್ಲವಷ್ಟೇ ಉಳಿದಿರಬಹುದು.

ಆದರೆ ಈ ಅಂಕಿಯನ್ನು ನಾವು ಹಣೆಬರಹವೆಂದು ಓದಬಾರದು. ಇದು ಸರದಿಯ ಚೀಟಿ. ನೂರಾರು ಜನ ಒಮ್ಮೆಲೇ ಬಂದು, ಡಯಾಲಿಸಿಸ್ ಯಂತ್ರಗಳು ಬೆರಳೆಣಿಕೆಯಷ್ಟಿದ್ದಾಗ, ಯಾರಿಗೆ ಮೊದಲು ಎಂಬುದನ್ನು ಇದು ಹೇಳುತ್ತದೆ. ಬೈಕಾರ್ಬನೇಟ್, ವಿಷ ಆಮ್ಲವಾಗುವುದನ್ನು ತಡೆಯುವ ಎಥನಾಲ್ ಅಥವಾ ಫೊಮೆಪಿಜೋಲ್, ಡಯಾಲಿಸಿಸ್ ಇವು ಹೊತ್ತಿಗೆ ದೊರೆತರೆ ಜೀವ ಉಳಿಯುತ್ತದೆ, ಕೆಲವರ ದೃಷ್ಟಿಯೂ.

ಇನ್ನೊಂದು ಮಾತು. ಪಿಎಚ್ ಎಷ್ಟು ಕುಸಿದಿದೆ ಎಂಬುದು ಎಷ್ಟು ತಡವಾಯಿತು ಎಂಬುದರ ಲೆಕ್ಕವೂ ಹೌದು. ಪೊಲೀಸರ ಭಯ, ಕೂಲಿ ತಪ್ಪುವ ಚಿಂತೆ, ಊರಲ್ಲಿ ಮಾನ ಹೋಗುವ ಅಂಜಿಕೆ ಇವೆಲ್ಲ ಆ ತಡದೊಳಗೆ ಸೇರಿವೆ. ಮದ್ಯ ಕೆಟ್ಟದ್ದೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಕುಡಿದವನನ್ನು ಮೊದಲು ಆಸ್ಪತ್ರೆಗೆ ತಲುಪಿಸೋಣ, ಬುದ್ಧಿವಾದ ಆಮೇಲೆ. ರಕ್ತಪರೀಕ್ಷೆ ರೋಗಿಯ ಜಾತಿ ಕೇಳುವುದಿಲ್ಲ, ನಡತೆಯನ್ನೂ ಕೇಳುವುದಿಲ್ಲ. ಅದು ಕೇಳುವುದು ಒಂದೇ: ಎಷ್ಟು ಹೊತ್ತಾಯಿತು?