ನೀರು: ಸಂಯೋಜನೆ ಹಾಗೂ ಭೌತಗುಣಗಳ ಶೋಧದ ಇತಿಹಾಸ

ನೀರು ಎರಡು ಪರಮಾಣು ಜಲಜನಕವೂ ಒಂದು ಪರಮಾಣು ಆಮ್ಲಜನಕವೂ ಕೂಡಿ ಆದ ಸಂಯುಕ್ತ ವಸ್ತು. ತೂಕದಲ್ಲಿ ನೂರಕ್ಕೆ 11.19 ಪಾಲು ಜಲಜನಕ, 88.81 ಪಾಲು ಆಮ್ಲಜನಕ; ಸಾಮಾನ್ಯ ವಾಯುಭಾರದಲ್ಲಿ 0° ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟಿ 100°ಯಲ್ಲಿ ಕುದಿಯುವುದು. ಇಂದು ಶಾಲೆಯ ಬಾಲಕರೂ ಬಲ್ಲ ಈ ಸಂಗತಿಗಳು ನಿರ್ಣಯವಾಗಲು ಎರಡು ಸಹಸ್ರ ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಅದರಲ್ಲಿ ಬಹುಭಾಗವು ತರ್ಕದಲ್ಲಿ ಕಳೆದು, ನಿರ್ಣಾಯಕವಾದ ಕಾರ್ಯವೆಲ್ಲ ತಕ್ಕಡಿ ಮತ್ತು ಉಷ್ಣಮಾಪಕಗಳು ಪ್ರಯೋಗಶಾಲೆಯನ್ನು ಪ್ರವೇಶಿಸಿದ ಮೇಲೆ ನಡೆಯಿತು. ಹೀಗೆ ಅಳತೆಗೊಳಗಾದ ನೀರೇ ಕಾಲಕ್ರಮದಲ್ಲಿ ಇತರ ವಸ್ತುಗಳನ್ನಳೆಯುವ ಮಾನದಂಡವೂ ಆದುದು ಈ ಇತಿಹಾಸದ ವೈಶಿಷ್ಟ್ಯ.

ಪ್ರಾಚೀನ ಕಲ್ಪನೆಗಳು

ಕ್ರಿ.ಪೂ. 6ನೆಯ ಶತಮಾನದಲ್ಲಿ ಮಿಲೆಟಸ್ ನಗರದ ಥೇಲೀಸನು ಸಮಸ್ತ ಜಗತ್ತಿಗೂ ನೀರೇ ಮೂಲಕಾರಣವೆಂದನು. ಅರಿಸ್ಟಾಟಲನು ಅದನ್ನು ಶೈತ್ಯ ಮತ್ತು ಆರ್ದ್ರತೆಗಳಿಂದ ಕೂಡಿದ, ನಾಲ್ಕು ಭೂತಗಳಲ್ಲೊಂದೆಂದು ಎಣಿಸಿದನು. ಭಾರತದಲ್ಲಿ ಪಂಚಭೂತಗಳೊಳಗೊಂದಾದ ಅಪ್ಪಿಗೆ ರೂಪ, ರಸ, ಶೀತಸ್ಪರ್ಶ, ದ್ರವತ್ವ, ಸ್ನೇಹಗಳೆಂಬ ಗುಣಗಳನ್ನು ಹೇಳಿದ ವೈಶೇಷಿಕರು, ನೀರು ಗಟ್ಟಿಯಾಗುವುದಕ್ಕೂ ಕರಗುವುದಕ್ಕೂ ತೇಜಸ್ಸಿನ ಸಂಯೋಗವೇ ಕಾರಣವೆಂದು ಪ್ರತಿಪಾದಿಸಿದರು.

ನೀರು ಮೂಲವಸ್ತುವೆಂಬ ನಂಬಿಕೆಗೆ ತಕ್ಕಡಿಯೂ ಮೊದಮೊದಲು ಬೆಂಬಲವನ್ನೇ ಕೊಟ್ಟಿತು. ಫ್ಲಾಂಡರ್ಸಿನ ವಾನ್ ಹೆಲ್ಮಾಂಟನು 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡು ತೂಕದ ವಿಲೋ ಗಿಡವೊಂದನ್ನು ನೆಟ್ಟು, ಐದು ವರ್ಷಗಳ ಕಾಲ ನೀರನ್ನಲ್ಲದೆ ಬೇರೇನನ್ನೂ ಎರೆಯದೆ ಬೆಳೆಸಿ ತೂಗಿದಾಗ, ಮರವು 169 ಪೌಂಡಿಗೂ ಮಿಕ್ಕು ಬೆಳೆದಿದ್ದು ಮಣ್ಣಿನಲ್ಲಿ ಸುಮಾರು ಎರಡು ಔನ್ಸು ಮಾತ್ರ ಕಡಮೆಯಾಗಿತ್ತು. ಆದಕಾರಣ ಕಾಷ್ಠವೆಲ್ಲವೂ ನೀರಿನ ವಿಕಾರವೆಂದು ಅವನು ತೀರ್ಮಾನಿಸಿದನು. ಅವನ ಮರಣಾನಂತರ 1648ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಲೋಪವಿದ್ದುದು ತೂಕದಲ್ಲಿ ಅಲ್ಲ, ಗಾಳಿಯನ್ನು ಗಣನೆಗೆ ತಾರದುದರಲ್ಲಿ. ನೀರು ಮಣ್ಣಾಗಿ ಪರಿಣಮಿಸುವುದೆಂಬ ಮತವನ್ನು ಫ್ರಾನ್ಸಿನ ಲವಾಸಿಯೆಯು 1770ರಲ್ಲಿ ಖಂಡಿಸಿದನು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ 101 ದಿವಸ ನೀರನ್ನು ಕಾಯಿಸಿ, ತಳದಲ್ಲಿ ಕಂಡುಬಂದ ಮಣ್ಣಿನಂಥ ವಸ್ತುವು ಗಾಜಿನಿಂದಲೇ ಸವೆದು ಬಂದುದೆಂದು ಅವನು ತೂಗಿ ತೋರಿಸಿದನು.

ಸಂಯುಕ್ತವೆಂಬ ನಿರ್ಣಯ

ಇಂಗ್ಲೆಂಡಿನ ಕ್ಯಾವೆಂಡಿಷನು 1766ರಲ್ಲಿ ಲೋಹಗಳನ್ನು ಆಮ್ಲದಲ್ಲಿ ಕರಗಿಸಿ ದೊರೆತ ದಹ್ಯವಾಯುವನ್ನು, ಎಂದರೆ ಜಲಜನಕವನ್ನು, ವಿವರಿಸಿದ್ದನು. ಈ ವಾಯುವನ್ನು ಗಾಳಿಯೊಡನೆ ಬೆರೆಸಿ ವಿದ್ಯುತ್ಕಿಡಿಯಿಂದ ಸ್ಫೋಟಿಸಿದಾಗ ಪಾತ್ರೆಯ ಒಳಮೈಯಲ್ಲಿ ಇಬ್ಬನಿ ಕಟ್ಟುವುದನ್ನು ಪ್ರೀಸ್ಟ್ಲಿಯೂ ವಾರ್ಲ್‌ಟೈರನೂ 1781ರಲ್ಲಿ ಗಮನಿಸಿದರು. ಆ ಇಬ್ಬನಿಯು ಶುದ್ಧ ನೀರೇ ಎಂದು ಪರೀಕ್ಷಿಸಿ ತಿಳಿದು, 1784ರಲ್ಲಿ ಪ್ರಕಟಿಸಿದ ಕೀರ್ತಿ ಕ್ಯಾವೆಂಡಿಷನದು. ಆದರೆ ಉರಿಯುವ ವಸ್ತುಗಳಲ್ಲಿ ಫ್ಲೋಜಿಸ್ಟನ್ ಎಂಬ ದಹನತತ್ತ್ವವಿದೆಯೆಂಬ ವಾದಕ್ಕೆ ಅಂಟಿಕೊಂಡಿದ್ದ ಅವನು, ಸ್ಫೋಟಕ್ಕೆ ಮೊದಲೇ ನೀರು ಆ ವಾಯುಗಳಲ್ಲಿ ಅಡಗಿದ್ದಿತೆಂದು ಭಾವಿಸಿದನು. ಪ್ರಕಟಣೆಗೆ ಮೊದಲೇ ಈ ಪ್ರಯೋಗದ ಸುದ್ದಿಯು 1783ರ ಜೂನಿನಲ್ಲಿ ಕ್ಯಾವೆಂಡಿಷನ ಸಹಾಯಕ ಬ್ಲ್ಯಾಗ್ಡೆನನ ಮೂಲಕ ಪ್ಯಾರಿಸನ್ನು ಮುಟ್ಟಲು, ಲವಾಸಿಯೆಯು ಲಾಪ್ಲಾಸನೊಡನೆ ಅದೇ ಪ್ರಯೋಗವನ್ನು ನಡೆಸಿ, ನೀರು ಎರಡು ಮೂಲವಸ್ತುಗಳ ಸಂಯೋಗಫಲವೆಂದು ಸಾರಿದನು. ಮುಂದೆ ಮ್ಯೂನಿಯೆಯ ನೆರವಿನಿಂದ ಕೆಂಪಗೆ ಕಾದ ಕಬ್ಬಿಣದ ನಳಿಗೆಯಲ್ಲಿ ಹಬೆಯನ್ನು ಹಾಯಿಸಿ ನೀರನ್ನು ವಿಭಜಿಸಿಯೂ ತೋರಿಸಿದನು. ಜೇಮ್ಸ್ ವಾಟನೂ ಹೆಚ್ಚುಕಡಮೆ ಅದೇ ಕಾಲಕ್ಕೆ ಇಂಥದೇ ಅಭಿಪ್ರಾಯವನ್ನು ಬರೆದಿದ್ದುದರಿಂದ, ಈ ಶೋಧದ ಪ್ರಥಮ ಗೌರವ ಯಾರಿಗೆ ಸಲ್ಲಬೇಕೆಂಬ ವಿವಾದವು 19ನೆಯ ಶತಮಾನದಲ್ಲಿಯೂ ಮುಂದುವರಿಯಿತು. ವೋಲ್ಟಾನ ವಿದ್ಯುತ್ಕೋಶದ ಸುದ್ದಿ ಬಂದ 1800ರಲ್ಲಿಯೇ ನಿಕಲ್ಸನ್ ಮತ್ತು ಕಾರ್ಲೈಲರು ವಿದ್ಯುತ್ಪ್ರವಾಹದಿಂದ ನೀರನ್ನು ಒಡೆದರು.

ಅನುಪಾತದ ಪ್ರಶ್ನೆ

ಎರಡು ಗಾತ್ರ ಜಲಜನಕವು ಒಂದು ಗಾತ್ರ ಆಮ್ಲಜನಕದೊಡನೆ ಕೂಡುವುದೆಂದು ಗೇ-ಲುಸಾಕನೂ ಹಂಬೋಲ್ಟನೂ 1805ರಲ್ಲಿ ಸ್ಥಾಪಿಸಿದರು. ಆದರೂ, ಎರಡು ವಸ್ತುಗಳಿಂದ ಒಂದೇ ಸಂಯುಕ್ತ ತಿಳಿದಿರುವಲ್ಲಿ ಒಂದಕ್ಕೊಂದೇ ಪರಮಾಣು ಕೂಡಿರುವುದೆಂದು ಊಹಿಸಿದ ಡಾಲ್ಟನನು, ನೀರಿನಲ್ಲಿ ಜಲಜನಕದ ಪರಮಾಣುವೂ ಒಂದೇ ಎಂದು ನಂಬಿದನು. ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮವೆಂಬ ಅವೊಗಾಡ್ರೋನ 1811ರ ಸಿದ್ಧಾಂತವು ಈ ತೊಡಕನ್ನು ಬಿಡಿಸಬಲ್ಲದಾಗಿದ್ದರೂ ಸುಮಾರು ಅರ್ಧ ಶತಮಾನ ಅನಾದರಕ್ಕೆ ಪಾತ್ರವಾಗಿದ್ದು, ಕನಿಜಾರೋನ ಪ್ರಯತ್ನದಿಂದ 1860ರ ಕಾರ್ಲ್ಸ್ರೂಹೆ ಸಮ್ಮೇಳನದ ತರುವಾಯವಷ್ಟೇ ಮಾನ್ಯತೆಯನ್ನು ಪಡೆಯಿತು.

ಭೌತಗುಣಗಳು

ಬೆಳ್ಳಿಯ ಗೋಳದಲ್ಲಿ ನೀರನ್ನು ತುಂಬಿ ಜಜ್ಜಿದರೂ ಅದು ಕುಗ್ಗದುದನ್ನು ಕಂಡ ಫ್ಲಾರೆನ್ಸಿನ ಪರಿಷತ್ತಿನ ವಿದ್ವಾಂಸರು ನೀರು ಅಸಂಪೀಡ್ಯವೆಂದೆಣಿಸಿದ್ದರು. ಕ್ಯಾಂಟನನು 1762ರಲ್ಲಿ ಅದೂ ಅತ್ಯಲ್ಪವಾಗಿ ಕುಗ್ಗುವುದೆಂದು ತೋರಿಸಿದನು. ಸರಿಸುಮಾರು ಅದೇ ಕಾಲದಲ್ಲಿ ಜೋಸೆಫ್ ಬ್ಲ್ಯಾಕನು, ಕರಗುತ್ತಿರುವ ಮಂಜುಗಡ್ಡೆಯೂ ಕುದಿಯುತ್ತಿರುವ ನೀರೂ ತಮ್ಮ ಉಷ್ಣತೆಯಲ್ಲಿ ಏರಿಕೆಯಿಲ್ಲದೆ ಶಾಖವನ್ನು ಹೀರುವುದನ್ನು ಕಂಡು ಗುಪ್ತೋಷ್ಣದ ತತ್ತ್ವವನ್ನು ರೂಪಿಸಿದನು. ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲೊರಿಗಳೂ, ಒಂದು ಗ್ರಾಂ ನೀರು ಹಬೆಯಾಗಲು ಸುಮಾರು 540 ಕ್ಯಾಲೊರಿಗಳೂ ಬೇಕು. ಎಡಿನ್‌ಬರೋದಲ್ಲಿ ಬ್ಲ್ಯಾಕನ ಉತ್ತರಾಧಿಕಾರಿಯಾದ ಹೋಪನು, ನೀರು ಸುಮಾರು 4°ಯಲ್ಲಿ ಪರಮ ಸಾಂದ್ರತೆಯನ್ನು ತಳೆದು, ಅಲ್ಲಿಂದಾಚೆಗೆ ತಣಿದಷ್ಟೂ ಹಿಗ್ಗುವುದೆಂಬುದನ್ನು 1805ರಲ್ಲಿ ನಿಸ್ಸಂದೇಹವಾಗಿ ತೋರಿಸಿದನು. ಹೆಪ್ಪುಗಟ್ಟುವಾಗ ಗಾತ್ರವು ನೂರಕ್ಕೆ ಸುಮಾರು 9ರಷ್ಟು ಹೆಚ್ಚುವುದರಿಂದ ಮಂಜು ತೇಲುವುದು. ಶೀತದೇಶಗಳ ಆಳವಾದ ಸರೋವರಗಳು ಮೇಲಿನಿಂದ ಗಡ್ಡೆಕಟ್ಟಿದರೂ ಅಡಿಯಲ್ಲಿ ದ್ರವವಾಗಿಯೇ ಉಳಿದು ಜಲಚರಗಳು ಬದುಕುವುದು ಈ ಎರಡು ಗುಣಗಳಿಂದ. ಕುದಿಬಿಂದುವಾದರೋ ವಾಯುಭಾರಕ್ಕೆ ಅಧೀನವಾದುದು. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97°ಯಲ್ಲಿಯೇ ಕುದಿಯುವುದು.

ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬವೆಂಬ ರ‍್ಯಾಲೆಯ ಮತವನ್ನು, 1921ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ನರು ನಿಕೋಲ್ ಪಟ್ಟಕದಿಂದ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿ ನೋಡಿ ನಿರಾಕರಿಸಿದರು. ನೀರಿನ ಅಣುಗಳೇ ಬೆಳಕನ್ನು ಚದುರಿಸುವುವೆಂದು 1922ರಲ್ಲಿ ಪ್ರಕಟಿಸಿದರು. ಕೆಂಪು ಕಿರಣಗಳನ್ನು ನೀರು ಹೀರಿಕೊಳ್ಳುವುದೂ ಈ ವರ್ಣಕ್ಕೆ ಮುಖ್ಯ ಕಾರಣ. ಅಂದು ಆರಂಭವಾದ ಚದುರಿಕೆಯ ಅಧ್ಯಯನವೇ 1928ರ ರಾಮನ್ ಪರಿಣಾಮಕ್ಕೆ ದಾರಿಯಾಯಿತು. ಆ ಶೋಧವನ್ನು ಅವರು ಅದೇ ವರ್ಷದ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು.

ಅಣುರಚನೆ

ಗಂಧಕದ ಜಲಜನಕ ಸಂಯುಕ್ತವು −60°ಯಲ್ಲಿಯೇ ಕುದಿದುಹೋಗುವಾಗ, ಅದಕ್ಕಿಂತ ಹಗುರವಾದ ಅಣುವುಳ್ಳ ನೀರು 100°ಯ ತನಕ ದ್ರವವಾಗಿರುವುದೇಕೆಂಬುದಕ್ಕೆ 20ನೆಯ ಶತಮಾನವು ಉತ್ತರ ಕೊಟ್ಟಿತು. ಒಂದು ಅಣುವಿನ ಜಲಜನಕವನ್ನು ನೆರೆಯ ಅಣುವಿನ ಆಮ್ಲಜನಕವು ಸೆಳೆದುಹಿಡಿಯುವ ಜಲಜನಕ ಬಂಧವನ್ನು ಲ್ಯಾಟಿಮರ್ ಮತ್ತು ರೋಡ್‌ಬುಷರು 1920ರಲ್ಲಿ ನಿರೂಪಿಸಿದರು. ಸುಮಾರು 104.5° ಕೋನದಲ್ಲಿ ಬಾಗಿದ ಪ್ರತಿಯೊಂದು ಅಣುವೂ ಮಂಜಿನಲ್ಲಿ ನಾಲ್ಕು ನೆರೆಯವುಗಳೊಡನೆ ಬಂಧಿತವಾಗಿ ವಿರಳವಾದ ಜಾಲವನ್ನು ಕಟ್ಟುವುದು. ಮಂಜು ಕರಗಿದಾಗ ಜಾಲವು ಭಾಗಶಃ ಕುಸಿದು ಅಣುಗಳು ಒತ್ತಾಗಿ ಸೇರುವುದರಿಂದ ನೀರು ಮಂಜಿಗಿಂತ ಭಾರವಾಗುವುದು. ದ್ರವರೂಪದಲ್ಲಿಯೂ ಈ ಚತುರ್ಮುಖ ವಿನ್ಯಾಸವು ಬಹುಮಟ್ಟಿಗೆ ಉಳಿದಿರುವುದೆಂದು ಬರ್ನಾಲ್ ಮತ್ತು ಫೌಲರರು 1933ರಲ್ಲಿ ಪ್ರತಿಪಾದಿಸಿದರು.

ಮಾನದಂಡವಾಗಿ ನೀರು

ಸೆಲ್ಸಿಯಸನು 1742ರಲ್ಲಿ ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಎರಡು ಬಿಂದುಗಳ ನಡುವಣ ಅಂತರವನ್ನು ನೂರು ಭಾಗವಾಗಿಸಿದನು. 4°ಯಲ್ಲಿನ ಒಂದು ಘನ ಡೆಸಿಮೀಟರ್ ನೀರಿನ ತೂಕವನ್ನನುಸರಿಸಿ 1799ರಲ್ಲಿ ಫ್ರಾನ್ಸಿನ ಕಿಲೋಗ್ರಾಂ ಸಿದ್ಧವಾಯಿತು. ಎಲ್ಲೆಡೆಯೂ ದೊರೆಯುವ, ಬಟ್ಟಿಯಿಳಿಸಿದರೆ ಶುದ್ಧವಾಗುವ ವಸ್ತುವೆಂಬ ವಿಶ್ವಾಸವೇ ಈ ಆಯ್ಕೆಯ ಆಧಾರ. ಆದರೆ 1931ರ ಕೊನೆಯಲ್ಲಿ ಯೂರಿಯು ಜಲಜನಕದ ಭಾರ ಸಮಸ್ಥಾನಿಯನ್ನು (ಐಸೊಟೋಪನ್ನು) ಪತ್ತೆಹಚ್ಚಿದನು. ಆ ಸಮಸ್ಥಾನಿಯಿಂದಾದ, 1933ರಲ್ಲಿ ಲೂಯಿಸನು ಪ್ರತ್ಯೇಕಿಸಿದ ಭಾರಜಲವು 3.8°ಯಲ್ಲಿ ಹೆಪ್ಪುಗಟ್ಟಿ 101.4°ಯಲ್ಲಿ ಕುದಿಯಿತು. ಎಷ್ಟು ಬಟ್ಟಿಯಿಳಿಸಿದರೂ ನೀರು ಏಕರೂಪದ ವಸ್ತುವಲ್ಲವೆಂದೂ, ಸಮಸ್ಥಾನಿಗಳ ಪ್ರಮಾಣವು ನೆಲೆಯಿಂದ ನೆಲೆಗೆ ತುಸು ಬದಲಾಗುವುದೆಂದೂ ಇದರಿಂದ ಸ್ಪಷ್ಟವಾಯಿತು. ಮಂಜು, ನೀರು, ಹಬೆ ಮೂರೂ ಸಮತೋಲದಲ್ಲಿರುವ ತ್ರಿಬಿಂದುವನ್ನು 1954ರಲ್ಲಿ 273.16 ಕೆಲ್ವಿನ್ ಎಂದು ನಿಗದಿಗೊಳಿಸಿ ಉಷ್ಣತೆಯ ಮಾನಕ್ಕೆ ಆಧಾರವಾಗಿ ಗ್ರಹಿಸಿದ ಮಾಪನತಜ್ಞರು, 2005ರಲ್ಲಿ ಆ ನೀರಿನ ಸಮಸ್ಥಾನಿಗಳ ಪ್ರಮಾಣವನ್ನೂ ವಿಧಿಸಬೇಕಾಯಿತು. 2019ರ ಮೇ 20ರಿಂದ ಕೆಲ್ವಿನ್ನಿನ ವ್ಯಾಖ್ಯೆಯು ಬೋಲ್ಟ್ಸ್‌ಮನ್ ನಿಯತಾಂಕವನ್ನು ಅವಲಂಬಿಸಿದುದರಿಂದ, ನೀರಿನ ತ್ರಿಬಿಂದುವು ವಿಧಿಸಲ್ಪಟ್ಟ ಸಂಖ್ಯೆಯಾಗಿರದೆ, ಪ್ರಯೋಗದಿಂದಲೇ ಅಳೆದು ತಿಳಿಯಬೇಕಾದ ಪರಿಮಾಣವಾಗಿದೆ.