ಗಾಜಿನ ಎಳೆ ನಮ್ಮೂರಿಗೆ ಬಂದ ದಾರಿ

ಕಳೆದ ಬೇಸಿಗೆಯಲ್ಲಿ ನಾವು ವರದಿಗೆಂದು ಹೋಗಿದ್ದ ಊರಲ್ಲಿ ಕುಡಿಯುವ ನೀರಿನ ಪೈಪಿಗಾಗಿ ಜೆಸಿಬಿ ಗುಂಡಿ ತೋಡುತ್ತಿತ್ತು. ಮಣ್ಣಿನ ಜೊತೆ ಕಪ್ಪು ಕೇಬಲ್ ಒಂದು ಹರಿದು ಮೇಲೆ ಬಂತು. ಪಂಚಾಯ್ತಿಯಲ್ಲಿ ನೆಟ್ ಹೋಯಿತು. ಪಿಂಚಣಿ ಅರ್ಜಿ ಹಾಕಲು ಬಂದ ಅಜ್ಜಿಯರು ಮೂರು ದಿನ ಬರಿಗೈಲಿ ವಾಪಸ್ ಹೋದರು. ಗುಂಡಿ ಬಳಿ ಇದ್ದ ಹುಡುಗನೊಬ್ಬ ತುಂಡನ್ನು ಸುಲಿದು ನೋಡಿ, 'ಇದರಾಗ ತಾಮ್ರಾನೇ ಇಲ್ಲಲ್ರೀ' ಅಂದ.

ಹೌದು, ಅದರಲ್ಲಿರುವುದು ಗಾಜು. ತಲೆಗೂದಲಿಗಿಂತ ತುಸು ದಪ್ಪದ ಎಳೆ. ಅದರೊಳಗೆ ಕರೆಂಟ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಈ ಎಳೆ ನಮ್ಮೂರ ತನಕ ಬರಲು ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

1854ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಜನರೆದುರು ಒಂದು ಪ್ರಯೋಗ ಮಾಡಿ ತೋರಿಸಿದರು. ತೂತಿನಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕು ಬಿಟ್ಟರೆ, ಬೆಳಕೂ ನೀರಿನ ಜೊತೆಗೇ ಬಾಗಿತು. ಜಿನೀವಾದ ಕೊಲಾಡನ್ ಇದನ್ನು ಅದಕ್ಕೂ ಹತ್ತಾರು ವರ್ಷ ಮೊದಲೇ ತೋರಿಸಿದ್ದರು. ಬೆಳಕು ಧಾರೆಯ ಒಳಮೈಗೆ ತಾಗಿ ತಾಗಿ ಪುಟಿಯುತ್ತ ಸಾಗುತ್ತದೆ, ಹೊರಗೆ ಸೋರುವುದಿಲ್ಲ. ಗಾಜಿನ ಎಳೆಯಲ್ಲಿ ನಡೆಯುವುದೂ ಇದೇ.

ಇದನ್ನು ಎಳೆಗೆ ತಂದವರಲ್ಲಿ ನಮ್ಮ ದೇಶದವರೂ ಒಬ್ಬರು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಕಳಿಸಿದರು. 1954ರಲ್ಲಿ ಅದು 'ನೇಚರ್' ಪತ್ರಿಕೆಯಲ್ಲಿ ಬಂತು. ಕಪಾನಿಯವರು ತೀರಿಕೊಂಡ ಮೇಲೆ, 2021ರಲ್ಲಿ, ಅವರಿಗೆ ಪದ್ಮವಿಭೂಷಣ ಸಿಕ್ಕಿತು.

ಆದರೆ ಊರಿಂದೂರಿಗೆ ಸುದ್ದಿ ಕಳಿಸಲು ಆ ಗಾಜು ಸಾಲುತ್ತಿರಲಿಲ್ಲ. ಬೆಳಕನ್ನು ನೂರು ರೂಪಾಯಿ ಅಂದುಕೊಳ್ಳಿ. ಅಂದಿನ ಗಾಜಿನಲ್ಲಿ 20 ಮೀಟರ್ ಹೋಗುವಷ್ಟರಲ್ಲಿ ಒಂದೇ ರೂಪಾಯಿ ಉಳಿಯುತ್ತಿತ್ತು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವೊ, ಜಾರ್ಜ್ ಹಾಕಮ್ ಲೆಕ್ಕ ಹಾಕಿ ಹೇಳಿದರು: ತಪ್ಪು ಗಾಜಿನದಲ್ಲ, ಅದರೊಳಗಿನ ಕಬ್ಬಿಣದಂಥ ಕಲ್ಮಶದ್ದು. ಕಲ್ಮಶ ತೆಗೆದು, ಒಂದು ಕಿಲೋಮೀಟರ್ ಕೊನೆಯಲ್ಲಿ ಒಂದು ರೂಪಾಯಿ ಉಳಿಸಿದರೂ ಸಾಕು, ಟೆಲಿಫೋನ್ ನಡೆಯುತ್ತದೆ.

1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಶುಲ್ಟ್ಸ್ ಅದನ್ನು ಮಾಡಿಯೇ ಬಿಟ್ಟರು. ಇಂದಿನ ಎಳೆಯಲ್ಲಿ ಕಿಲೋಮೀಟರ್ ದಾಟಿದರೂ ಸುಮಾರು 95 ರೂಪಾಯಿ ಉಳಿಯುತ್ತದೆ. 1988ರ ಹೊತ್ತಿಗೆ ಅಟ್ಲಾಂಟಿಕ್ ಸಾಗರದಡಿ ಗಾಜಿನ ಕೇಬಲ್ ಮಲಗಿತ್ತು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಆ ದಿನಗಳಲ್ಲಿ ನಮ್ಮ ಹಳ್ಳಿಗಳ ಕಥೆ ಬೇರೆ. 1986ರಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾಯಿತು. 128 ಲೈನಿನ ಪುಟ್ಟ ಪೆಟ್ಟಿಗೆ ಅದು. ಏಸಿ ಬೇಡ, ಧೂಳು ಬಿಸಿಲು ತಡೆಯುವಂತೆಯೇ ಕಟ್ಟಿದ್ದರು. ಗಾಜಿನ ಎಳೆಯನ್ನು ಸುಮಾರು ಎರಡೂವರೆ ಲಕ್ಷ ಪಂಚಾಯ್ತಿಗಳಿಗೆ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. ಅದೇ ಮುಂದೆ ಭಾರತ್‌ನೆಟ್ ಆಯಿತು.

ಆ ಎಕ್ಸ್‌ಚೇಂಜಿನಂತೆ ಗಾಜು ಧೂಳು ತಡೆಯುವುದಿಲ್ಲ. ಬೆಳಕು ಹರಿಯುವ ತಿರುಳು ಬರೀ 9 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣದು. ತುಂಡಾದರೆ ತಾಮ್ರದ ವೈರಿನಂತೆ ಹೊಸೆದು ಟೇಪ್ ಸುತ್ತಲಾಗದು. ತುದಿಗಳನ್ನು ನೇರ ಕತ್ತರಿಸಿ, ಎದುರುಬದುರು ಹಿಡಿದು, ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸೆಯಬೇಕು. ಅದಕ್ಕೆ ಮೆಷೀನು ಬೇಕು, ಕಲಿತ ಕೈ ಬೇಕು. ಮೂರು ದಿನ ಕಾಯಿಸಿದ್ದು ಇದೇ.

ನಿಮ್ಮ ಮನೆಯ ವೈಫೈ ಪೆಟ್ಟಿಗೆಗೆ ಸಿಕ್ಕಿಸಿರುವ ಚೌಕದ ಕನೆಕ್ಟರ್ ನೋಡಿ. ಆ ಮಾದರಿ ಜಪಾನಿನ ಎನ್‌ಟಿಟಿ 1980ರ ದಶಕದಲ್ಲಿ ರೂಪಿಸಿದ್ದು. ಹಸಿರು ಬಣ್ಣದ್ದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದರಲ್ಲಿ ಆ ಓರೆ ಇರುವುದಿಲ್ಲ. ಅದಕ್ಕೇ ಒಂದಕ್ಕೊಂದು ಸೇರಿಸಬಾರದು. ಕಿತ್ತರೆ ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಕಣ್ಣಿಗೆ ಹಿಡಿದು ನೋಡಬೇಡಿ, ಮುಚ್ಚಳ ಹಾಕಿಡಿ. ಅಂದು ಕಾವೊ ಗಾಜಿನೊಳಗಿನ ಕೊಳೆಯನ್ನು ಹಿಡಿದರು. ಈಗ ತುದಿಯ ಮೇಲೆ ಕೂರುವ ಧೂಳಿನ ಕಣ ನಮ್ಮ ಪಾಲಿಗಿದೆ.

ಇನ್ನು ಊರಲ್ಲಿ ಜೆಸಿಬಿ ಬಂದಾಗ, ಕೇಬಲ್ ಎಲ್ಲಿ ಹೋಗಿದೆ ಎಂದು ಪಂಚಾಯ್ತಿಯಲ್ಲಿ ಒಂದು ಮಾತು ಕೇಳಿ. ಅಜ್ಜಿಯರ ಮೂರು ದಿನದ ಓಡಾಟ ತಪ್ಪುತ್ತದೆ.